ಗೋಡೆ ಇಲ್ಲದ ನೀರಿಗೆ ವಾರಕ್ಕೆ ಮೂರು ದಿನದ ಪೂಲ್ ಸಾಕಾ?

ಪ್ರಶ್ನೆ: ನನಗೆ 41 ವರ್ಷ. ಹುಬ್ಬಳ್ಳಿಯಲ್ಲಿ ಇರುತ್ತೇನೆ. ವಾರಕ್ಕೆ ಮೂರು ದಿನ ಬೆಳಗ್ಗೆ 45 ನಿಮಿಷದ ಬ್ಯಾಚಿನಲ್ಲಿ ಈಜುತ್ತೇನೆ. ಪೂಲ್ 25 ಮೀಟರಿನದು. ನಿಲ್ಲದೆ ಈಜಿದರೆ ಅಷ್ಟು ಹೊತ್ತಿನಲ್ಲಿ 60 ಲ್ಯಾಪ್, ಅಂದರೆ ಒಂದೂವರೆ ಕಿ.ಮೀ. ಆಗುತ್ತದೆ. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮಾಲ್ವಣದ ಚಿವ್ಲಾ ಬೀಚಿನ ಸ್ಪರ್ಧೆಯಲ್ಲಿ 3 ಕಿ.ಮೀ. ಈಜುವ ಆಸೆ. ಹತ್ತು ವಾರ ಉಳಿದಿದೆ. ಇನ್ನೊಂದು ಬ್ಯಾಚ್ ಸೇರಲು ಕೆಲಸ ಬಿಡುವುದಿಲ್ಲ. ಇಷ್ಟರಲ್ಲೇ ಆಗುತ್ತಾ? ಕೆರೆಯಲ್ಲೋ ಗೆಳೆಯನ ಹೊಲದ ಕೃಷಿ ಹೊಂಡದಲ್ಲೋ ಅಭ್ಯಾಸ ಮಾಡಬಹುದಾ? ವೆಟ್‌ಸೂಟ್ (ಚಳಿ ತಡೆಯುವ ರಬ್ಬರಿನ ಈಜುಡುಪು) ಬೇಕಾ?

ಉತ್ತರ: ಆಗುತ್ತದೆ. ಆದರೆ ಈಗ ಈಜುತ್ತಿರುವ ರೀತಿಯಲ್ಲೇ ಹತ್ತು ವಾರ ಈಜಿದರೆ ಆಗುವುದಿಲ್ಲ.

ಮೊದಲು ನಿಮ್ಮ ಆ ಒಂದೂವರೆ ಕಿಲೋಮೀಟರಿನ ಲೆಕ್ಕ ನೋಡೋಣ. ಬೇಜಾರು ಮಾಡಿಕೊಳ್ಳಬೇಡಿ. 60 ಲ್ಯಾಪ್ ಅಂದರೆ 60 ಸಲ ಗೋಡೆಗೆ ಕಾಲು ಕೊಟ್ಟು ತಳ್ಳಿಕೊಂಡಿದ್ದೀರಿ. ಒಂದೊಂದು ತಳ್ಳಿಗೆ ನಾಲ್ಕು ಮೀಟರ್ ಸುಮ್ನೆ ಜಾರುತ್ತೀರಿ ಅಂತ ಇಟ್ಟುಕೊಂಡರೂ 240 ಮೀಟರ್ ಆಯಿತು. ಅಷ್ಟು ದೂರ ಈಜಿದ್ದು ನೀವಲ್ಲ, ಗೋಡೆ. ಅದರ ಮೇಲೆ ಪ್ರತಿ ತಿರುವಿನಲ್ಲೂ ಒಂದು ದೊಡ್ಡ ಉಸಿರು, ಭುಜಕ್ಕೆ ಎರಡು ಸೆಕೆಂಡ್ ರಜೆ. ಸಮುದ್ರದಲ್ಲಿ ಇದು ಯಾವುದೂ ಇಲ್ಲ. ಪೂಲಿನಲ್ಲಿ ಎರಡು ಕಿ.ಮೀ. ಆರಾಮಾಗಿ ಈಜುವವರು ಕಡಲಿನಲ್ಲಿ ಆರುನೂರು ಮೀಟರಿಗೇ ಭುಜ ಹಿಡಿದುಕೊಂಡು ದೋಣಿ ಕರೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರಿಗೆ ದಮ್ಮು ಕಡಿಮೆ ಇರಲಿಲ್ಲ. ಗೋಡೆ ಇರಲಿಲ್ಲ, ಅಷ್ಟೇ.

ಹಾಗಾಗಿ ನಿಮಗೆ ಕೊರತೆ ಇರುವುದು ಪೂಲ್ ಸಮಯದ್ದಲ್ಲ ಅಂತ ನನ್ನ ಅಭಿಪ್ರಾಯ. ವಾರಕ್ಕೆ 135 ನಿಮಿಷ ಕಡಿಮೆಯೇನಲ್ಲ. ಮೂರು ದಿನವೂ ಒಂದೇ ವೇಗದಲ್ಲಿ ಒಂದೂವರೆ ಕಿ.ಮೀ. ಉರುಳಿಸಿ ಮನೆಗೆ ಹೋಗುತ್ತಿದ್ದೀರಲ್ಲ, ಅದನ್ನು ಬಿಡಬೇಕು. ಮೂರು ದಿನಕ್ಕೆ ಮೂರು ಬೇರೆ ಕೆಲಸ ಕೊಡಿ.

ಶುರು ಮಾಡುವ ಮುಂಚೆ ಒಂದು ಪರೀಕ್ಷೆ. ಮೈ ಬಿಸಿ ಮಾಡಿಕೊಂಡು 400 ಮೀಟರ್ ನಿಮ್ಮ ಕೈಲಾದಷ್ಟು ಜೋರಾಗಿ ಈಜಿ, ಸಮಯ ಬರೆದುಕೊಳ್ಳಿ. ಹತ್ತು ನಿಮಿಷ ಸುಧಾರಿಸಿಕೊಂಡು 200 ಮೀಟರ್ ಹಾಗೆಯೇ ಈಜಿ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಎರಡರಿಂದ ಭಾಗಿಸಿ. ಉದಾಹರಣೆಗೆ 400 ಮೀಟರಿಗೆ 11 ನಿಮಿಷ 20 ಸೆಕೆಂಡ್, 200ಕ್ಕೆ 5 ನಿಮಿಷ 30 ಸೆಕೆಂಡ್ ಬಂತು ಅನ್ನಿ. ವ್ಯತ್ಯಾಸ 5 ನಿಮಿಷ 50 ಸೆಕೆಂಡ್, ಅರ್ಧ ಮಾಡಿದರೆ 2 ನಿಮಿಷ 55 ಸೆಕೆಂಡ್. ಏದುಸಿರು ಬಿಡದೆ ತುಂಬ ಹೊತ್ತು ಎಳೆಯಬಹುದಾದ ನಿಮ್ಮ ವೇಗ, 100 ಮೀಟರಿಗೆ, ಸುಮಾರು ಇಷ್ಟು. ಕೋಚ್‌ಗಳು ಇದನ್ನು ಸಿಎಸ್‌ಎಸ್ (ಕ್ರಿಟಿಕಲ್ ಸ್ವಿಮ್ ಸ್ಪೀಡ್) ಅನ್ನುತ್ತಾರೆ. ಮೂರು ವಾರಕ್ಕೊಮ್ಮೆ ಮತ್ತೆ ಅಳೆಯಿರಿ.

ಮೊದಲ ದಿನ ಈ ವೇಗದ ದಿನ. 200 ಮೀಟರ್ ನಿಧಾನ, ಆಮೇಲೆ 25 ಮೀಟರಿನ ನಾಲ್ಕು ತುಂಡುಗಳಲ್ಲಿ ಕೈ ಹಾಕುವ ರೀತಿಯ ಕಡೆ ಮಾತ್ರ ಗಮನ. ನಂತರ 100 ಮೀಟರಿನ ಆರು ತುಂಡು, ಪ್ರತಿಯೊಂದೂ 2 ನಿಮಿಷ 55 ಸೆಕೆಂಡಿನಲ್ಲಿ, ನಡುವೆ 15 ಸೆಕೆಂಡ್ ಮಾತ್ರ ವಿಶ್ರಾಂತಿ. ನಾಲ್ಕನೇ ವಾರದ ಹೊತ್ತಿಗೆ ಆರು ಎಂಟಾಗಲಿ. ಮೊದಲ ತುಂಡು 2:40ಕ್ಕೆ, ಕೊನೆಯದು 3:10ಕ್ಕೆ ಬಂದರೆ ಅದು ಫೇಲ್. ಎಂಟೂ ಒಂದೇ ಅಚ್ಚಿನಲ್ಲಿ ಬರಬೇಕು. ಮೊದಲ ಎರಡು ತುಂಬಾ ಸುಲಭ ಅನ್ನಿಸಬೇಕು, ಕೊನೆಯ ಎರಡಕ್ಕೆ ಮನಸ್ಸು ಬೇಡ ಅನ್ನಬೇಕು. ಇಷ್ಟೂ 40 ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಬ್ಯಾಚ್ ವಿಸಿಲ್ ಆದಮೇಲೆ ಬಟ್ಟೆ ಬದಲಿಸಲು ಹೋದರೆ ಮುಗಿಯುವುದಿಲ್ಲ. ಹತ್ತು ನಿಮಿಷ ಮೊದಲೇ ಹೋಗಿ, ಕೈ ತಿರುಗಿಸಿ ಭುಜ ಬಿಸಿ ಮಾಡಿಕೊಂಡು, ಕನ್ನಡಕ ಹಾಕಿಕೊಂಡು ದಡದಲ್ಲಿ ನಿಂತಿರಿ.

ಎರಡನೇ ದಿನ ಕಡಲಿನ ಪಾಠ. ನನಗೆ ಇದೇ ಇಷ್ಟದ ದಿನ, ಯಾಕೆಂದರೆ ಪೂಲಿನಲ್ಲಿ ಇದನ್ನು ಮಾಡುವವರು ಕಡಿಮೆ. ನೀರು ಖಾಲಿ ಇರುವ ಜಾಗ ನೋಡಿ ಕಣ್ಣು ಮುಚ್ಚಿ ಎಂಟು ಸ್ಟ್ರೋಕ್ ಈಜಿ, ಕಣ್ಣು ಬಿಡಿ. ಎಲ್ಲಿದ್ದೀರಿ? ನೂರಕ್ಕೆ ತೊಂಬತ್ತು ಜನ ಯಾವುದಾದರೂ ಒಂದು ಕಡೆಗೆ ವಾಲಿರುತ್ತಾರೆ. ಬಲಗಡೆ ಮಾತ್ರ ಉಸಿರು ತೆಗೆದುಕೊಳ್ಳುವವರ ಎಡಗೈ ಹೊಟ್ಟೆಯಡಿ ಅಡ್ಡ ಹೋಗುವುದೇ ಸಾಮಾನ್ಯ ಕಾರಣ. ಪೂಲಿನಲ್ಲಿ ತಳದ ಕಪ್ಪು ಗೆರೆ ಈ ತಪ್ಪನ್ನು ಮುಚ್ಚಿಡುತ್ತದೆ. ಕಡಲಿನಲ್ಲಿ ಗೆರೆ ಎಳೆದಿರುವವರು ಯಾರೂ ಇಲ್ಲ. ನನ್ನ ಮೊದಲ 2 ಕಿ.ಮೀ. ಸ್ಪರ್ಧೆ ಮುಗಿದಾಗ ಕೈಯಲ್ಲಿದ್ದ ವಾಚು 2.4 ಕಿ.ಮೀ. ತೋರಿಸಿತು. ವಾಚು ಕೆಟ್ಟಿದೆ ಅಂತ ಜಗಳಕ್ಕೇ ಹೋಗಿದ್ದೆ. ಆಮೇಲೆ ಮ್ಯಾಪ್ ನೋಡಿದರೆ ಗೆರೆ ಹಾವಿನ ಹಾಗೆ ಇತ್ತು.

ಅದಕ್ಕೇ ತಲೆ ಎತ್ತಿ ನೋಡುವುದನ್ನು ಕಲಿಯಬೇಕು. ಬಾವಿಯಲ್ಲಿ ಈಜು ಕಲಿತವರಿಗೆ ತಲೆ ಎತ್ತುವುದು ಹೇಳಿಕೊಡಬೇಕಿಲ್ಲ. ನಾನೂ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲೇ ಕಲಿತವನು, ತಲೆ ಹೊರಗಿಟ್ಟೇ ಈಜುತ್ತಿದ್ದೆ. ಅದರ ತೊಂದರೆ ಏನೆಂದರೆ, ತಲೆ ಮೇಲೆದ್ದಷ್ಟೂ ಕಾಲು ಮುಳುಗುತ್ತದೆ, ಮೈ ಬ್ರೇಕ್ ಹಾಕಿದ ಹಾಗೆ ಆಗುತ್ತದೆ. ಬೇಕಾದ್ದು ಮೊಸಳೆಯ ನೋಟ. ಕೈ ಮುಂದೆ ಹೋಗಿ ನೀರು ಒತ್ತುವಾಗ ಕಣ್ಣು ಮಾತ್ರ ನೀರಿನ ಮೇಲೆ ಬರಲಿ, ಬಾಯಿ ನೀರೊಳಗೇ ಇರಲಿ. ಒಂದು ಕ್ಷಣ ನೋಡಿ, ಕತ್ತನ್ನು ಹಾಗೆಯೇ ಪಕ್ಕಕ್ಕೆ ತಿರುಗಿಸಿ ಉಸಿರು ತೆಗೆದುಕೊಳ್ಳಿ. ನೋಡುವುದು ಬೇರೆ, ಉಸಿರು ಬೇರೆ. ಎರಡನ್ನೂ ಮುಂದೆ ನೋಡಿಕೊಂಡೇ ಮಾಡಲು ಹೋದರೆ ಅಲೆ ಬಾಯೊಳಗೆ ಬರುತ್ತದೆ. ಪೂಲಿನ ಆ ತುದಿಯಲ್ಲಿ ನಿಮ್ಮ ಬಣ್ಣದ ಬಾಟಲಿ ಇಡಿ, ಎಂಟು ಸ್ಟ್ರೋಕಿಗೊಮ್ಮೆ ನೋಡಿ. 50 ಮೀಟರಿನ ಹನ್ನೆರಡು ತುಂಡು ಹೀಗೆ ಈಜಿದರೆ ಮರುದಿನ ಕತ್ತು ನೋಯುತ್ತದೆ. ನೋಯಲಿ. ಆ ನೋವು ಮಾಲ್ವಣದಲ್ಲಿ ಮೊದಲ ಸಲ ಬರಬಾರದು.

ಬ್ಯಾಚಿನಲ್ಲಿ ಜನ ಜಾಸ್ತಿ ಅಂತ ಎಲ್ಲರೂ ಗೊಣಗುತ್ತಾರೆ. ನಿಮಗೆ ಅದು ಉಚಿತವಾಗಿ ಸಿಕ್ಕ ಟ್ರೇನಿಂಗ್. ಸ್ಪರ್ಧೆಯ ಮೊದಲ ಇನ್ನೂರು ಮೀಟರಿನಲ್ಲಿ ಮುಖಕ್ಕೆ ಕಾಲು, ಬೆನ್ನಿಗೆ ಕೈ, ಕನ್ನಡಕಕ್ಕೆ ಮೊಣಕೈ ಬೀಳುವುದು ಮಾಮೂಲು. ನಿಮ್ಮಷ್ಟೇ ವೇಗದವರು ಇಬ್ಬರು ಸಿಕ್ಕರೆ ಒಂದೇ ಲೇನಿನಲ್ಲಿ ಒಬ್ಬರ ಹಿಂದೊಬ್ಬರು ಈಜಿ. ಮುಂದಿನವರ ಪಾದದಿಂದ ಅರ್ಧ ಮೀಟರ್ ಹಿಂದೆ ನೀರು ಹಗುರವಾಗಿರುತ್ತದೆ. ಸೈಕಲ್ ತುಳಿಯುವವರಿಗೆ ಗೊತ್ತಿರುವ ಲೆಕ್ಕವೇ ಇದು. ಕಡಲ ಸ್ಪರ್ಧೆಯಲ್ಲಿ ಹೀಗೆ ಇನ್ನೊಬ್ಬರ ಹಿಂದೆ ಹೋಗುವುದು ಮೋಸವಲ್ಲ. ಅವರ ಪಾದ ಪದೇ ಪದೇ ಮುಟ್ಟಬೇಡಿ, ಒದೆ ಬೀಳುತ್ತದೆ. ಅವರು ದಾರಿ ತಪ್ಪಿದರೆ ನೀವೂ ತಪ್ಪುತ್ತೀರಿ, ಅದಕ್ಕೆ ನೀವೂ ತಲೆ ಎತ್ತಿ ನೋಡುತ್ತಿರಬೇಕು.

ಮೂರನೇ ದಿನ ಗೋಡೆ ಮುಟ್ಟಬೇಡಿ. 40 ನಿಮಿಷ ನಿಲ್ಲದೆ ಈಜಿ. ಗೋಡೆಗೆ ಎರಡು ಮೀಟರ್ ಇರುವಾಗಲೇ ನೀರಲ್ಲೇ ತಿರುಗಿ, ಕಾಲಿನಿಂದ ತಳ್ಳಿಕೊಳ್ಳದೆ ನಿಂತ ನೀರಿನಿಂದ ಮತ್ತೆ ವೇಗ ಹಿಡಿಯಿರಿ. ಮೊದಲ ಸಲ ಹೀಗೆ ಈಜಿದಾಗ ನಿಮ್ಮ 60 ಲ್ಯಾಪಿನ ಲೆಕ್ಕ ತುಂಬಾ ಕೆಳಗೆ ಬರುತ್ತದೆ, ಅದನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಲೈಫ್‌ಗಾರ್ಡ್ ಒಮ್ಮೆ ವಿಚಿತ್ರವಾಗಿ ನೋಡಬಹುದು, ಮೊದಲೇ ಹೇಳಿಬಿಡಿ. ಈ ಒಂದು ಅಭ್ಯಾಸ ಕೊಡುವಷ್ಟು ಲಾಭವನ್ನು ಇನ್ನೊಂದು ದಿನದ ಬ್ಯಾಚ್ ಕೊಡುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಈಗ ದೂರದ ಚಿಂತೆ. 3 ಕಿ.ಮೀ. ಗೆ ನಿಮಗೆ ಒಂದೂವರೆ ತಾಸು, ಮೇಲೆ ಐದು ಹತ್ತು ನಿಮಿಷ ಬೇಕಾದೀತು. (ಸ್ಪರ್ಧೆಯ ನಿಯಮಗಳಲ್ಲಿ ಸಮಯದ ಮಿತಿ ಎಷ್ಟಿದೆ ಅಂತ ಹಣ ಕಟ್ಟುವ ಮುಂಚೆ ನೋಡಿ.) ಅಭ್ಯಾಸದಲ್ಲಿ ಪೂರ್ತಿ 3 ಕಿ.ಮೀ. ಈಜಲೇಬೇಕು ಅಂತೇನಿಲ್ಲ. 75ರಿಂದ 80 ನಿಮಿಷ ನಿಲ್ಲದೆ ಎರಡು ಸಲ ಈಜಿದ್ದರೆ ಸಾಕು. ಅದಕ್ಕೊಂದು ಉಪಾಯ. ಯಾವುದಾದರೂ ಭಾನುವಾರ ಕೌಂಟರಿನಲ್ಲಿ ಒಂದರ ಹಿಂದೆ ಒಂದು ಬ್ಯಾಚಿಗೆ ಎರಡು ಟಿಕೆಟ್ ತೆಗೆದುಕೊಳ್ಳಿ. ನಡುವೆ ಹೊರಗೆ ಬಾ ಅಂತ ಕರೆದರೆ ಎರಡು ನಿಮಿಷ ಎದ್ದು, ಒಂದು ಗುಟುಕು ನೀರು ಕುಡಿದು ಮತ್ತೆ ಇಳಿಯಿರಿ. ನಾಲ್ಕನೇ ವಾರ ಒಮ್ಮೆ, ಎಂಟನೇ ವಾರ ಒಮ್ಮೆ. ಕೊನೆಯ ಹತ್ತು ದಿನ ಅರ್ಧಕ್ಕೆ ಇಳಿಸಿ. ಆಗ ಭಯ ಆಗಿ ಜಾಸ್ತಿ ಈಜಲು ಹೋಗುವವರು ಭುಜ ಕೆಡಿಸಿಕೊಂಡು ಸ್ಪರ್ಧೆಗೆ ಬರುತ್ತಾರೆ.

ಪೂಲ್ ಇಲ್ಲದ ದಿನಗಳಿಗೆ ಕಿಟಕಿಯ ಸರಳು ಸಾಕು. ಎರಡು ಹಿಡಿಕೆ ಇರುವ ರಬ್ಬರ್ ಹಗ್ಗ ಸಿಗುತ್ತದೆ, ಸ್ಟ್ರೆಚ್ ಕಾರ್ಡ್ ಅಂತ ಕೇಳಿ. ಅದನ್ನು ಸರಳಿಗೆ ಹಾಕಿ, ಸೊಂಟದಿಂದ ಮುಂದೆ ಬಾಗಿ, ಮೊಣಕೈ ಮೇಲೇ ಉಳಿಸಿ ಅಂಗೈ ಮತ್ತು ಮುಂಗೈಯಿಂದ ಹಿಂದಕ್ಕೆ ಎಳೆಯಿರಿ. ಮೊಣಕೈ ಮೊದಲು ಹಿಂದೆ ಹೋದರೆ ತಪ್ಪು. 30 ಸೆಕೆಂಡ್ ಎಳೆದು 30 ಸೆಕೆಂಡ್ ಬಿಡಿ, ಐದು ಸಲದಿಂದ ಶುರು ಮಾಡಿ ಹತ್ತು ಸಲಕ್ಕೆ ಹೋಗಿ. ಭುಜದೊಳಗೆ ಚುಚ್ಚಿದ ಹಾಗೆ ನೋವು ಬಂದರೆ ಅಲ್ಲೇ ನಿಲ್ಲಿಸಿ. ಸ್ನಾಯು ಉರಿಯುವುದು ಬೇರೆ, ಕೀಲು ಚುಚ್ಚುವುದು ಬೇರೆ. ಓಟ, ಸೈಕಲ್ ಎದೆಗೆ ಒಳ್ಳೆಯದು, ಆದರೆ ಓಡುವವರ ಹಿಮ್ಮಡಿ ಕೀಲು ಗಟ್ಟಿಯಾಗಿ ಕಾಲು ನೀರಲ್ಲಿ ಕೊಕ್ಕೆಯ ಹಾಗೆ ನಿಲ್ಲುತ್ತದೆ. ಟಿವಿ ನೋಡುವಾಗ ಐದು ನಿಮಿಷ ವಜ್ರಾಸನದಲ್ಲಿ ಕೂತುಕೊಳ್ಳಿ. 40 ದಾಟಿದ್ದೀರಿ, ಒಮ್ಮೆ ಡಾಕ್ಟರಿಗೆ ಎದೆ ತೋರಿಸಿ ಇಸಿಜಿ ಮಾಡಿಸಿಕೊಳ್ಳಿ.

ಕೃಷಿ ಹೊಂಡ ಬೇಡ. ಇದನ್ನು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು, ಆದರೆ ಯಾಕೆ ಅಂತ ತಿಳಿದರೆ ಮಕ್ಕಳಿಗೂ ಹೇಳುತ್ತೀರಿ. ನೀರು ಇಂಗಬಾರದು ಅಂತ ಅದರ ನಾಲ್ಕೂ ಬದಿಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಇಳಿಜಾರು, ಮೇಲೆ ಪಾಚಿ. ಇಳಿಯುವುದು ಸುಲಭ, ಮೇಲೆ ಬರಲು ಬೆರಳಿಗೆ ಹಿಡಿತವೇ ಸಿಗುವುದಿಲ್ಲ. ಚೆನ್ನಾಗಿ ಈಜು ಬರುವವರೇ ಹತ್ತಿ ಜಾರಿ, ಹತ್ತಿ ಜಾರಿ, ಕೈ ಸೋತು ಮುಳುಗಿದ್ದಾರೆ. ಗೆಳೆಯನಿಗೆ ಹೇಳಿ, ಒಂದು ಬದಿಯಲ್ಲಿ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ಸದಾ ನೀರಿಗೆ ಇಳಿಬಿಟ್ಟಿರಲಿ. ಚರಂಡಿ ಸೇರುವ ಊರ ಕೆರೆ ಬೇಡ, ಹರಿಯುವ ಕಾಲುವೆಯಂತೂ ಬೇಡವೇ ಬೇಡ. ಮೆಟ್ಟಿಲಿರುವ, ನೀರು ತಿಳಿಯಾಗಿರುವ ದೊಡ್ಡ ಬಾವಿ ಇದ್ದರೆ, ಮೇಲೆ ಈಜು ಬರುವ ಒಬ್ಬರು ಕೂತಿದ್ದರೆ, ಅಲ್ಲಿ ಸುತ್ತು ಹಾಕಿ ಈಜಿ. ಗೋಡೆ ತಳ್ಳದೆ ಅರ್ಧ ತಾಸು ಈಜಲು ಅದಕ್ಕಿಂತ ಒಳ್ಳೆಯ ಜಾಗ ಬಯಲುಸೀಮೆಯಲ್ಲಿ ಕಷ್ಟ.

ಆದರೂ ಸ್ಪರ್ಧೆಗೆ ಮುಂಚೆ ಒಮ್ಮೆಯಾದರೂ ಉಪ್ಪುನೀರಿಗೆ ಇಳಿಯಲೇಬೇಕು. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅಂಕೋಲಾ, ಅಲ್ಲಿಂದ ಕಾರವಾರ. ಶನಿವಾರ ಹೋಗಿ, ಸಂಜೆ ಅರ್ಧ ತಾಸು, ಭಾನುವಾರ ಬೆಳಗ್ಗೆ ಒಂದು ತಾಸು. ಕಾರವಾರದ ಕೊಲ್ಲಿಗೆ ಮುಂದೆ ದ್ವೀಪಗಳು ಇರುವುದರಿಂದ ಮಳೆಗಾಲ ಕಳೆದ ಮೇಲೆ ಬೆಳಗಿನ ನೀರು ಬಹುಪಾಲು ಶಾಂತ. ಉತ್ತರದ ತುದಿಯಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ, ಆ ಅಳಿವೆಯ ಹತ್ತಿರ ಹೋಗಬೇಡಿ. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಸೇರಿ ಹೊರಗೆ ಎಳೆಯುತ್ತದೆ. ದಕ್ಷಿಣಕ್ಕೆ ಬಂದರು, ಅದರಾಚೆ ನೌಕಾನೆಲೆ, ಅತ್ತಲೂ ಬೇಡ. ನಡುವಿನ ಬೀಚಿನಲ್ಲಿ, ಎದೆಮಟ್ಟದ ನೀರಿನ ಗೆರೆ ಹಿಡಿದು, ದಡಕ್ಕೆ ಸಮಾನಾಂತರವಾಗಿ 400 ಮೀಟರ್ ಹೋಗಿ ಬನ್ನಿ. ಸುಸ್ತಾದರೆ ನಿಂತುಕೊಳ್ಳಬಹುದು, ಅಲ್ವಾ? ಸೊಂಟಕ್ಕೆ ಕಿತ್ತಳೆ ಬಣ್ಣದ ತೇಲುಚೀಲ ಕಟ್ಟಿಕೊಳ್ಳಿ, ದಡದಲ್ಲಿ ಒಬ್ಬರು ಇರಲಿ. ಬೆಳಗ್ಗೆ ಹತ್ತು ಗಂಟೆಯ ಮೇಲೆ ಕಡಲಗಾಳಿ ಎದ್ದು ನೀರು ಕದಡುತ್ತದೆ, ಅಷ್ಟರೊಳಗೆ ಮುಗಿಸಿ. ಇಳಿಯುವ ಮುಂಚೆ ಮೀನುಗಾರರನ್ನು ಕೇಳುವುದಕ್ಕೆ ನಾಚಿಕೆ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಆ ಮಳೆಗಾಲದ ಕಡಲಿಗೆ ಅಭ್ಯಾಸ ಅಂತ ಇಳಿಯುವ ಮಾತೇ ಇಲ್ಲ.

ಸೆಳೆತದ ಬಗ್ಗೆ ಒಂದು ಮಾತು. ಎರಡೂ ಕಡೆ ಅಲೆ ಒಡೆಯುತ್ತಿದ್ದು, ನಡುವೆ ಒಂದು ಓಣಿಯಷ್ಟು ಜಾಗ ಮಾತ್ರ ಶಾಂತವಾಗಿ, ಮಣ್ಣಿನ ಬಣ್ಣದಲ್ಲಿ ಕಂಡರೆ ಅದೇ ಸೆಳೆತ. ಪ್ರವಾಸಿಗರು ಅದನ್ನೇ ಸುರಕ್ಷಿತ ಅಂದುಕೊಂಡು ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆ ಗುದ್ದಾಡಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಎಳೆತ ಬಿಟ್ಟಮೇಲೆ ಒಳಗೆ ಬನ್ನಿ.

ವೆಟ್‌ಸೂಟಿಗೆ ದುಡ್ಡು ಹಾಕಬೇಡಿ. ವಿಶ್ವಮಟ್ಟದ ಸ್ಪರ್ಧೆಗಳಲ್ಲಿ ನೀರು 20 ಡಿಗ್ರಿಗಿಂತ ಬೆಚ್ಚಗಿದ್ದರೆ ಅದಕ್ಕೆ ಅನುಮತಿಯೇ ಇಲ್ಲ, ನಮ್ಮ ಪಶ್ಚಿಮ ಕರಾವಳಿಯ ನೀರು ಡಿಸೆಂಬರಿನಲ್ಲೂ 28 ಡಿಗ್ರಿಯ ಆಸುಪಾಸು ಇರುತ್ತದೆ. ಇಂಗ್ಲಿಷ್ ಕಾಲುವೆ ಈಜುವವರ ಬರಹ ಓದಿ ನಮ್ಮವರು ಚಳಿಗೆ ಹೆದರುತ್ತಾರೆ. ನಮಗೆ ಹೆದರಿಕೆ ಇರಬೇಕಾದ್ದು ಬಿಸಿಗೆ. 2010ರಲ್ಲಿ ಯುಎಇಯ ಫುಜೈರಾದಲ್ಲಿ ನಡೆದ 10 ಕಿ.ಮೀ. ಸ್ಪರ್ಧೆಯಲ್ಲಿ ಅಮೆರಿಕದ ಫ್ರಾನ್ ಕ್ರಿಪ್ಪೆನ್ ಎಂಬ ಪಳಗಿದ ಈಜುಗಾರ ಬಿಸಿ ನೀರಿನಲ್ಲಿ ಸತ್ತುಹೋದರು. ಆಮೇಲೆ ನೀರು 31 ಡಿಗ್ರಿ ದಾಟಿದರೆ ಸ್ಪರ್ಧೆ ಇಲ್ಲ ಎಂಬ ನಿಯಮ ಬಂತು. ನೀರೊಳಗೆ ಬೆವರು ಕಾಣಿಸುವುದಿಲ್ಲ, ಆದರೆ ಬೆವರುತ್ತೀರಿ. ಹಿಂದಿನ ದಿನವಿಡೀ ನೀರು ಕುಡಿಯಿರಿ, ಬೆಳಗ್ಗೆ ಎರಡು ತಾಸು ಮುಂಚೆ ಇಡ್ಲಿ, ಬಾಳೆಹಣ್ಣು. ಹಿಂದಿನ ರಾತ್ರಿ ಮಿರ್ಚಿ ಭಜಿ ಬೇಡ, ಉಪ್ಪುನೀರು ಎರಡು ಗುಟುಕು ಹೊಟ್ಟೆಗೆ ಹೋದಾಗ ಅದು ವಾಪಸ್ ಬರುತ್ತದೆ.

ವೆಟ್‌ಸೂಟಿನ ದುಡ್ಡಿನಲ್ಲಿ ಕಪ್ಪು ಗಾಜಿನ ಒಳ್ಳೆ ಕನ್ನಡಕ ತೆಗೆದುಕೊಳ್ಳಿ. ನಮ್ಮ ಕಡಲು ಪಶ್ಚಿಮಕ್ಕಿದೆ, ಸ್ಪರ್ಧೆ ಬೆಳಗ್ಗೆ ಇರುತ್ತದೆ. ಹೊರಗೆ ಹೋಗುವಾಗ ಸೂರ್ಯ ಬೆನ್ನಿಗೆ, ಬೂಯ್ (ದಾರಿ ಗುರುತಿಗೆ ನೀರಲ್ಲಿ ತೇಲಿಬಿಟ್ಟ ಗುಂಡು) ಚೆನ್ನಾಗಿ ಕಾಣುತ್ತದೆ. ವಾಪಸ್ ದಡಕ್ಕೆ ಬರುವಾಗ ಸೂರ್ಯ ನೇರ ಕಣ್ಣಿಗೆ, ಏನೂ ಕಾಣುವುದಿಲ್ಲ. ಅದಕ್ಕೆ ಇಳಿಯುವ ಮುಂಚೆ ಮುಕ್ತಾಯದ ಕಮಾನಿನ ಹಿಂದೆ ಎತ್ತರದ್ದೇನಿದೆ ನೋಡಿಕೊಳ್ಳಿ. ಟವರೋ, ಎಲ್ಲಕ್ಕಿಂತ ಎತ್ತರದ ತೆಂಗೋ. ಇನ್ನೊಂದು, ಉತ್ತರಕ್ಕೆ ಈಜುವಾಗ ಅಲೆ ಎಡಗಡೆಯಿಂದ ಬರುತ್ತದೆ, ದಕ್ಷಿಣಕ್ಕೆ ತಿರುಗಿದರೆ ಬಲಗಡೆಯಿಂದ. ಬಲಕ್ಕೆ ಮಾತ್ರ ಉಸಿರು ತೆಗೆದುಕೊಳ್ಳಲು ಬರುವವರು ಒಂದು ದಿಕ್ಕಿನಲ್ಲಿ ಆರಾಮ, ಇನ್ನೊಂದು ದಿಕ್ಕಿನಲ್ಲಿ ಉಪ್ಪು ನುಂಗುತ್ತಾರೆ. ಇವತ್ತಿನಿಂದಲೇ ಪ್ರತಿ ಬ್ಯಾಚಿನ ಮೊದಲ 200 ಮೀಟರ್ ನಿಮಗೆ ಒಗ್ಗದ ಕಡೆಗೆ ಉಸಿರು ತೆಗೆದುಕೊಂಡೇ ಈಜಿ.

ಕತ್ತಿನ ಹಿಂಭಾಗಕ್ಕೆ, ಕಂಕುಳಿಗೆ ವ್ಯಾಸಲೀನ್ ದಪ್ಪಗೆ ಹಚ್ಚಿ. ಆದರೆ ಕನ್ನಡಕ ಹಾಕಿಕೊಂಡ ಮೇಲೆ ಹಚ್ಚಿ, ಇಲ್ಲವೇ ಬೇರೆಯವರ ಕೈಯಲ್ಲಿ ಹಚ್ಚಿಸಿಕೊಳ್ಳಿ. ಆ ಬೆರಳು ಗಾಜಿಗೆ ತಾಗಿದರೆ ಒಂದೂವರೆ ತಾಸು ಮಂಜಿನಲ್ಲಿ ಈಜಬೇಕಾಗುತ್ತದೆ. ಲೋಳೆ ಮೀನು (ಜೆಲ್ಲಿಫಿಶ್) ತಾಗಿ ಉರಿದರೆ ಬರಿಗೈಯಲ್ಲಿ ಉಜ್ಜಬೇಡಿ. ಸಮುದ್ರದ ನೀರಿನಲ್ಲೇ ತೊಳೆಯಿರಿ, ಸಿಹಿನೀರು ಬೇಡ. ದಡಕ್ಕೆ ಬಂದಮೇಲೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಆ ಭಾಗ ಇಟ್ಟರೆ ನೋವು ಇಳಿಯುತ್ತದೆ. ಉಸಿರು ಕಟ್ಟಿದ ಹಾಗೆ ಆದರೆ ತಕ್ಷಣ ದೋಣಿ ಕರೆಯಿರಿ, ನೇರ ಆಸ್ಪತ್ರೆಗೆ.

ಶುರುವಿನಲ್ಲಿ ಮುಂದಿನ ಸಾಲಿಗೆ ಹೋಗಬೇಡಿ, ಹಿಂದಿನ ಬದಿಯಲ್ಲಿ ನಿಲ್ಲಿ. ಹತ್ತು ಸೆಕೆಂಡ್ ತಡವಾದರೆ ಏನೂ ಆಗುವುದಿಲ್ಲ. ಮೊದಲ ನೂರು ಮೀಟರಿನಲ್ಲಿ ಎದೆ ಢವಢವ ಅನ್ನುತ್ತದೆ, ತಳ ಕಾಣುವುದಿಲ್ಲ, ಉಸಿರು ಸಾಲದು ಅನ್ನಿಸುತ್ತದೆ. ಬಹಳಷ್ಟು ಸಲ ಸಾಲದಿರುವುದು ಉಸಿರು ಬಿಡುವುದು, ಎಳೆಯುವುದಲ್ಲ. ಅಂಗಾತ ತಿರುಗಿ ತೇಲಿ. ಉಪ್ಪುನೀರು ನಿಮ್ಮನ್ನು ಪೂಲಿಗಿಂತ ಚೆನ್ನಾಗಿ ಎತ್ತಿ ಹಿಡಿಯುತ್ತದೆ. ನೀರೊಳಗೆ ಗುಳ್ಳೆ ಬಿಡುತ್ತಾ ಇಪ್ಪತ್ತು ಸ್ಟ್ರೋಕ್ ಎಣಿಸಿ, ಆಮೇಲೆ ನಿಮ್ಮ ವೇಗಕ್ಕೆ ಬನ್ನಿ. ಎದೆನೋವು, ತಲೆಸುತ್ತು ಬಂದರೆ ಮಾತ್ರ ಯೋಚನೆ ಮಾಡದೆ ಕೈ ಎತ್ತಿ.

ಕೊನೆಗೆ ದಡ ಹತ್ತಿರ ಬಂದಾಗ ತಳ ಕಂಡ ಕೂಡಲೇ ಎದ್ದು ನಿಲ್ಲಬೇಡಿ. ಬೆರಳಿಗೆ ಮರಳು ತಾಗಿದ ಮೇಲೂ ಇನ್ನೆರಡು ಮೂರು ಸ್ಟ್ರೋಕ್ ಹಾಕಿ, ಆಮೇಲೆ ನಿಧಾನಕ್ಕೆ ಏಳಿ. ಒಂದೂವರೆ ತಾಸು ಮಲಗಿದ್ದ ಮೈ ಒಮ್ಮೆಲೇ ನಿಂತರೆ ರಕ್ತವೆಲ್ಲ ಕಾಲಿಗಿಳಿದು ಕಣ್ಣು ಕತ್ತಲೆ ಬರುತ್ತದೆ. ಕೊನೆಯ ಐವತ್ತು ಮೀಟರ್ ಸ್ವಲ್ಪ ಜೋರಾಗಿ ಕಾಲು ಬಡಿದರೆ ಅದು ಕಡಿಮೆಯಾಗುತ್ತದೆ. ನಾನು ಮೊದಲ ಸಲ ಮೊಣಕಾಲಿನಷ್ಟು ನೀರಿನಲ್ಲಿ ಗತ್ತಿನಿಂದ ಎದ್ದು, ಫೋಟೊ ತೆಗೆಯುವವನ ಎದುರಿಗೇ ಮುಗ್ಗರಿಸಿ ಬಿದ್ದಿದ್ದೆ. ಆ ಫೋಟೊ ಈಗಲೂ ನಮ್ಮ ಮನೆಯಲ್ಲಿದೆ.